ಸುಮ್ಮನೆ ಬಿಟ್ಟಾಗ ನಿಂತುಹೋಗುವ ಕಂಪ್ಯೂಟರ್: ಕಾರಣ ಹುಡುಕುವ ಕ್ರಮ

ನನ್ನ ಅಕ್ಕ ನಡೆಸುವ ಡಿಟಿಪಿ ಅಂಗಡಿಯ ಕಂಪ್ಯೂಟರ್ ಬೆಳಗಿನಿಂದ ಮಧ್ಯಾಹ್ನದವರೆಗೆ ಲಗ್ನಪತ್ರಿಕೆ, ಕರಪತ್ರ, ಫ್ಲೆಕ್ಸ್ ವಿನ್ಯಾಸಗಳ ಕೆಲಸವನ್ನೆಲ್ಲ ತಕರಾರಿಲ್ಲದೆ ಮಾಡುತ್ತಿತ್ತು. ಅವಳು ಊಟಕ್ಕೆ ಹೋಗಿ ಬರುವಷ್ಟರಲ್ಲಿ ಮಾತ್ರ ಪರದೆ ಕಪ್ಪಾಗಿರುತ್ತಿತ್ತು. ಫ್ಯಾನ್ ತಿರುಗುತ್ತಿದ್ದರೂ ಮೌಸ್ ಅಲ್ಲಾಡಿಸಿದರೆ ಏಳುತ್ತಿರಲಿಲ್ಲ, ಪವರ್ ಬಟನ್ ಒತ್ತಿ ಹಿಡಿದು ಆಫ್ ಮಾಡದೆ ಬೇರೆ ದಾರಿಯೇ ಇರುತ್ತಿರಲಿಲ್ಲ. "ನಾನು ಎದುರಿಗೆ ಕೂತಿದ್ರೆ ಸರಿಯಾಗೇ ಇರತ್ತೆ ಕಣೋ, ಎದ್ದು ಹೋದ್ರೆ ಸಾಕು ಸತ್ತು ಬೀಳತ್ತೆ" ಎಂದು ಅವಳು ಹೇಳಿದಾಗ ಎರಡು ಸಲ ವಿಂಡೋಸ್ ಹೊಸದಾಗಿ ಹಾಕಿಸಿ, ರ‍್ಯಾಮ್ ಬದಲಿಸಿ, ಫ್ಯಾನಿನ ಧೂಳು ತೆಗೆಸಿ ಆಗಿತ್ತು. ಇವು ಯಾವುವೂ ಅವಳು ಹೇಳಿದ ಆ ಒಂದು ಮಾತಿಗೆ ಉತ್ತರವಾಗಿರಲಿಲ್ಲ. ಭಾರ ಬಿದ್ದಾಗ ನಿಲ್ಲುವ ಕಂಪ್ಯೂಟರಿನ ರೋಗ ಬೇರೆ, ಭಾರ ಇಳಿದಾಗ ನಿಲ್ಲುವ ಕಂಪ್ಯೂಟರಿನ ರೋಗ ಬೇರೆ. ಎರಡನೆಯದನ್ನು ಹುಡುಕಬೇಕಾದವರಿಗಾಗಿ ಈ ಲೇಖನ.

ಸುಮ್ಮನಿದ್ದಾಗ ಒಳಗೆ ನಡೆಯುವುದೇನು

ಕಂಪ್ಯೂಟರ್ ಸುಮ್ಮನಿದೆ ಎಂದರೆ ಅದು ಮಾಡುತ್ತಿದ್ದ ಕೆಲಸ ನಿಂತಿದೆ ಎಂದಷ್ಟೇ ಅಲ್ಲ, ವಿದ್ಯುತ್ ಉಳಿಸುವ ಕೆಲಸ ಆರಂಭವಾಗಿದೆ ಎಂದೂ ಅರ್ಥ. ಪ್ರೊಸೆಸರಿಗೆ ಸಿ-ಸ್ಟೇಟ್‌ಗಳೆಂದು ಕರೆಯುವ ನಿದ್ರೆಯ ಹಂತಗಳಿವೆ. ಸಿ0 ಎಂದರೆ ಪೂರ್ಣ ಎಚ್ಚರ. ಸಿ1 ಎಂದರೆ ಅರೆಗಣ್ಣು. ಸಿ6ರಂಥ ಆಳದ ಹಂತದಲ್ಲಿ ಪ್ರೊಸೆಸರಿನ ಕೋರ್ ತನ್ನ ಸ್ಥಿತಿಯನ್ನು ಬೇರೆಡೆ ಬರೆದಿಟ್ಟು, ತನಗೆ ಬರುವ ವೋಲ್ಟೇಜನ್ನು ಬಹುತೇಕ ಸೊನ್ನೆಗೆ ಇಳಿಸಿಕೊಳ್ಳುತ್ತದೆ. ನೀವು ಒಂದು ಕೀಲಿ ಒತ್ತಿದ ಕೂಡಲೇ, ಅಥವಾ ಗಡಿಯಾರದ ಒಂದು ಸಣ್ಣ ಎಣಿಕೆ ಬಂದ ಕೂಡಲೇ, ಅದು ಮತ್ತೆ ಎದ್ದು ನಿಲ್ಲಬೇಕು. ಹೀಗೆ ಮಲಗಿ ಏಳುವ ಕೆಲಸ ಒಂದು ಸೆಕೆಂಡಿನಲ್ಲೇ ನೂರಾರು ಸಲ ನಡೆಯುತ್ತದೆ. ಅದರೊಂದಿಗೆ ಮಾನಿಟರ್ ಆಫ್ ಆಗುತ್ತದೆ, ಗ್ರಾಫಿಕ್ಸ್ ಕಾರ್ಡ್ ತನ್ನ ವೇಗ ಇಳಿಸುತ್ತದೆ, ಕಡತಗಳನ್ನು ಇಟ್ಟುಕೊಳ್ಳುವ ಎಸ್‌ಎಸ್‌ಡಿ ಕಡಿಮೆ ವಿದ್ಯುತ್ತಿನ ಸ್ಥಿತಿಗೆ ಹೋಗುತ್ತದೆ, ಯುಎಸ್‌ಬಿ ಪೋರ್ಟುಗಳು ಅರೆನಿದ್ರೆಗೆ ಜಾರುತ್ತವೆ, ಕೊನೆಗೆ ಇಡೀ ಯಂತ್ರವೇ ಸ್ಲೀಪ್‌ಗೆ ಹೋಗುತ್ತದೆ. ಇವುಗಳಲ್ಲಿ ಯಾವುದಾದರೂ ಒಂದು ಮಲಗಿದ್ದು ಏಳದಿದ್ದರೆ ನಿಮಗೆ ಕಾಣುವುದು ಒಂದೇ ಚಿತ್ರ, ಕಪ್ಪು ಪರದೆ.

ಇದಕ್ಕೆ ಪೂರ್ತಿ ವಿರುದ್ಧವಾದ ಇನ್ನೊಂದು ಸಾಧ್ಯತೆಯೂ ಇದೆ. ಬಳಕೆದಾರರು ಎದ್ದುಹೋದರೆಂದು ತಿಳಿದೊಡನೆ ವಿಂಡೋಸ್ ತಾನು ಬಾಕಿ ಇಟ್ಟುಕೊಂಡ ಕೆಲಸಗಳಿಗೆ ಕೈಹಾಕುತ್ತದೆ: ವೈರಸ್ ಹುಡುಕಾಟ, ಅಪ್‌ಡೇಟ್, ಡಿಸ್ಕಿನ ನಿರ್ವಹಣೆ ಇತ್ಯಾದಿ. ಸ್ವಯಂಚಾಲಿತ ನಿರ್ವಹಣೆಗೆ ವಿಂಡೋಸ್ ಇಟ್ಟುಕೊಂಡಿರುವ ಮೂಲ ಸಮಯ ರಾತ್ರಿ 2 ಗಂಟೆ. ನಿಮ್ಮ ಕಂಪ್ಯೂಟರ್ ಪ್ರತಿದಿನ ಆ ಹೊತ್ತಿನ ಆಸುಪಾಸಿನಲ್ಲೇ ನಿಲ್ಲುತ್ತಿದ್ದರೆ ಅದು ನಿದ್ರೆಯ ರೋಗವಲ್ಲ, ನೀವಿಲ್ಲದಾಗ ಮಾಡುವ ದುಡಿಮೆಯ ರೋಗ; ಆಗ ಡಿಸ್ಕ್, ರ‍್ಯಾಮ್, ಆಂಟಿವೈರಸ್ ಇವುಗಳತ್ತ ನೋಡಬೇಕು.

ಮೊದಲ ಹೆಜ್ಜೆ: ಹೇಗೆ ನಿಂತಿದೆ ಎಂದು ಗುರುತಿಸಿ

ಪವರ್ ಬಟನ್ನಿಗೆ ಕೈ ಹಾಕುವ ಮೊದಲು ಎರಡು ನಿಮಿಷ ತಾಳಿಕೊಂಡು ಈ ಪರೀಕ್ಷೆಗಳನ್ನು ಮಾಡಿ. ಕೀಬೋರ್ಡಿನ ಕ್ಯಾಪ್ಸ್ ಲಾಕ್ ಒತ್ತಿ, ಅದರ ಪುಟ್ಟ ದೀಪ ಹತ್ತಿ ಆರುತ್ತದೆಯೇ ನೋಡಿ. ಹತ್ತಿ ಆರಿದರೆ ವಿಂಡೋಸ್ ಜೀವಂತವಾಗಿದೆ, ನಿಂತಿರುವುದು ಪರದೆ ಮಾತ್ರ. ಆಗ ವಿಂಡೋಸ್, ಕಂಟ್ರೋಲ್, ಶಿಫ್ಟ್ ಕೀಲಿಗಳನ್ನು ಹಿಡಿದುಕೊಂಡು ಬಿ ಒತ್ತಿ. ಇದು ಗ್ರಾಫಿಕ್ಸ್ ಡ್ರೈವರನ್ನು, ಅಂದರೆ ಗ್ರಾಫಿಕ್ಸ್ ಭಾಗವನ್ನು ನಡೆಸುವ ತಂತ್ರಾಂಶವನ್ನು, ಮರುಚಾಲನೆ ಮಾಡುವ ಆದೇಶ. ಬೀಪ್ ಸದ್ದಾಗಿ ಚಿತ್ರ ಮರಳಿದರೆ ಗ್ರಾಫಿಕ್ಸ್ ಡ್ರೈವರ್, ಮಾನಿಟರ್ ಅಥವಾ ಕೇಬಲ್ ಇವುಗಳ ಆಚೆಗೆ ನೀವು ಹುಡುಕಬೇಕಾಗಿಲ್ಲ. ದೀಪ ಅಲುಗಾಡದಿದ್ದರೆ ಇಡೀ ಯಂತ್ರವೇ ಹ್ಯಾಂಗ್ ಆಗಿದೆ ಎಂದು ಬರೆದುಕೊಳ್ಳಿ.

ಹ್ಯಾಂಗ್ ಆಗಿರುವುದು ಬೇರೆ, ತಾನಾಗಿಯೇ ಆಫ್ ಆಗಿರುವುದು ಬೇರೆ, ರೀಸ್ಟಾರ್ಟ್ ಆಗಿ ಲಾಗಿನ್ ಪರದೆಯಲ್ಲಿ ನಿಂತಿರುವುದು ಬೇರೆ. ಯುಪಿಎಸ್ ಇಲ್ಲದ ಅಥವಾ ಯುಪಿಎಸ್ ಬ್ಯಾಟರಿ ಮುಪ್ಪಾಗಿರುವ ಮನೆಯಲ್ಲಿ, ನೀವು ಎದುರಿಗಿಲ್ಲದಾಗ ಕರೆಂಟು ಕ್ಷಣಕಾಲ ಹೋಗಿ ಬಂದರೂ ಕಂಪ್ಯೂಟರ್ ತಾನಾಗಿ ನಿಂತಿತೆಂದೇ ತೋರುತ್ತದೆ. ಅದೇ ಸಾಲಿನಲ್ಲಿರುವ ವೈಫೈ ರೌಟರ್ ಕೂಡ ಆ ಹೊತ್ತಿನಲ್ಲಿ ಹೊಸದಾಗಿ ಆರಂಭವಾಗಿದೆಯೇ ಎಂದು ಅದರ ಸೆಟ್ಟಿಂಗ್ಸ್ ಪುಟದಲ್ಲಿ ಅಪ್‌ಟೈಮ್ (ಆನ್ ಆಗಿ ಎಷ್ಟು ಹೊತ್ತಾಯಿತು ಎಂಬ ಲೆಕ್ಕ) ನೋಡಿ ತಿಳಿಯಬಹುದು. ಮನೆಯ ಇನ್ವರ್ಟರಿನಲ್ಲಿ ಯುಪಿಎಸ್ ಮೋಡ್ ಇದ್ದರೆ ಅದು ಆನ್ ಆಗಿದೆಯೇ ಎಂದು ಪರೀಕ್ಷಿಸುವುದೂ ಇದೇ ಹೆಜ್ಜೆಗೆ ಸೇರುತ್ತದೆ.

ಮೂರನೆಯದೊಂದು ಚಿತ್ರವಿದೆ, ಅದನ್ನು ಗಮನಿಸುವವರು ಕಡಿಮೆ. ಪರದೆ ಇರುತ್ತದೆ, ಮೌಸಿನ ಬಾಣ ಓಡಾಡುತ್ತದೆ, ಆದರೆ ಯಾವ ಫೋಲ್ಡರೂ ತೆರೆಯುವುದಿಲ್ಲ. ಕೆಲವು ನಿಮಿಷಗಳ ಬಳಿಕ ನೀಲಿ ಪರದೆ ಬರುತ್ತದೆ ಅಥವಾ ಎಲ್ಲವೂ ಸ್ತಬ್ಧವಾಗುತ್ತದೆ. ಇದು ಬಹುಮಟ್ಟಿಗೆ ಎಸ್‌ಎಸ್‌ಡಿ ನಿದ್ರೆಗೆ ಹೋಗಿ ಏಳದೆ ಉಳಿದದ್ದರ ಲಕ್ಷಣ. ಬರೆಯಲು ಡಿಸ್ಕೇ ಇಲ್ಲದ ಕಾರಣ ಈ ಘಟನೆಯ ದಾಖಲೆ ಕೂಡ ಉಳಿಯುವುದಿಲ್ಲ.

ಎರಡನೆಯ ಹೆಜ್ಜೆ: ದಾಖಲೆ ಓದಿ

ಸ್ಟಾರ್ಟ್ ಮೆನುವಿನಲ್ಲಿ ಈವೆಂಟ್ ವ್ಯೂವರ್ ಹುಡುಕಿ ತೆರೆದು, ವಿಂಡೋಸ್ ಲಾಗ್ಸ್ ಕೆಳಗಿರುವ ಸಿಸ್ಟಮ್ ಎಂಬುದನ್ನು ಒತ್ತಿ. ಇದು ದೊಡ್ಡ ಜಾತ್ರೆ. ಕೆಂಪು ಗುರುತು ಕಂಡಲ್ಲೆಲ್ಲ ಗಾಬರಿಯಾಗಬೇಕಿಲ್ಲ, ಆರೋಗ್ಯವಾಗಿರುವ ಕಂಪ್ಯೂಟರಿನಲ್ಲೂ ಅವು ಇರುತ್ತವೆ. ನಿಮಗೆ ಬೇಕಾದವು ಕೆಲವೇ. ಕರ್ನಲ್-ಪವರ್ 41 ಎಂಬುದು ಕಂಪ್ಯೂಟರ್ ಸರಿಯಾಗಿ ಮುಚ್ಚದೆ ಮತ್ತೆ ಆರಂಭವಾಗಿದೆ ಎಂದಷ್ಟೇ ಹೇಳುತ್ತದೆ. ನೀವೇ ಬಟನ್ ಒತ್ತಿ ಹಿಡಿದು ಆಫ್ ಮಾಡಿದರೂ ಅದೇ ಬರುತ್ತದೆ. ಹಾಗಾಗಿ 41 ರೋಗದ ಹೆಸರಲ್ಲ. ಆದರೆ ಅದರ ಡೀಟೇಲ್ಸ್ ಪುಟದಲ್ಲಿರುವ ಬಗ್‌ಚೆಕ್ ಕೋಡ್, ಅಂದರೆ ವಿಂಡೋಸ್ ಕುಸಿಯುವಾಗ ಕಾರಣವೆಂದು ಬರೆದಿಡುವ ಸಂಖ್ಯೆ, ಬಹಳ ಮುಖ್ಯ. ಅದು 0 ಆಗಿದ್ದರೆ ವಿಂಡೋಸಿಗೆ ಒಂದು ಮಾತು ಹೇಳಲೂ ಅವಕಾಶವಾಗಲಿಲ್ಲ ಎಂದರ್ಥ. ವಿದ್ಯುತ್, ಪ್ರೊಸೆಸರ್, ಮದರ್‌ಬೋರ್ಡ್ ಇವುಗಳ ಕಡೆಗೆ ಅನುಮಾನ ಹೊರಳಬೇಕು. 159 ಆಗಿದ್ದರೆ ಯಾವುದೋ ಒಂದು ಡ್ರೈವರ್ ನಿದ್ರೆಯಿಂದ ಎದ್ದಿಲ್ಲ. 292 ಆಗಿದ್ದರೆ ಯಂತ್ರಾಂಶವೇ ದೋಷ ವರದಿ ಮಾಡಿದೆ. 122 ಆಗಿದ್ದರೆ ಡಿಸ್ಕಿನಿಂದ ಓದಬೇಕಾದದ್ದು ಸಿಗಲಿಲ್ಲ. ಈ ಪುಟದಲ್ಲಿ ಸಂಖ್ಯೆ ದಶಮಾನ ಪದ್ಧತಿಯಲ್ಲಿ ಇರುತ್ತದೆ, ನೀಲಿ ಪರದೆಯಲ್ಲಿ ಮತ್ತು ಸಹಾಯ ಪುಟಗಳಲ್ಲಿ ಹದಿನಾರರ ಪದ್ಧತಿಯಲ್ಲಿ ಇರುತ್ತದೆ. 159 ಎಂಬುದೇ ಅಲ್ಲಿ 9ಎಫ್ ಆಗುತ್ತದೆ, 292 ಎಂಬುದು 124 ಆಗುತ್ತದೆ. ಈ ವ್ಯತ್ಯಾಸ ತಿಳಿಯದೆ ತಪ್ಪು ಸಂಖ್ಯೆಯನ್ನು ಹುಡುಕುತ್ತ ದಿನ ಕಳೆದವರು ಉಂಟು.

ಇನ್ನು, ಆ 41ಕ್ಕಿಂತ ಸ್ವಲ್ಪ ಹಿಂದಿನ ಸಾಲುಗಳಲ್ಲಿ ವೀಯಾ-ಲಾಗರ್ (WHEA-Logger) ಎಂಬ ಹೆಸರಿದ್ದರೆ ಅದನ್ನು ತೆರೆದು ನೋಡಿ. ಪ್ರೊಸೆಸರ್ ಅಥವಾ ಪಿಸಿಐ ಸಾಲಿನ (ಗ್ರಾಫಿಕ್ಸ್ ಕಾರ್ಡ್, ಎಸ್‌ಎಸ್‌ಡಿಗಳು ಕೂಡುವ ದಾರಿಯ) ದೋಷಗಳು ಅಲ್ಲಿ ದಾಖಲಾಗುತ್ತವೆ. ಇಷ್ಟು ಓದುವುದು ಕಷ್ಟವೆನಿಸಿದವರು ರಿಲಯಬಿಲಿಟಿ ಹಿಸ್ಟರಿ ಎಂದು ಹುಡುಕಿದರೆ, ಯಾವ ದಿನ ಏನು ಕೆಟ್ಟಿತು, ಅದರ ಹಿಂದಿನ ದಿನ ಯಾವ ಅಪ್‌ಡೇಟ್ ಬಂದಿತ್ತು ಎಂಬುದು ಕ್ಯಾಲೆಂಡರಿನಂತೆ ಸಾಲಾಗಿ ಕಾಣುತ್ತದೆ.

ಮೂರನೆಯ ಹೆಜ್ಜೆ: ಒಂದೊಂದಾಗಿ ಬೇರ್ಪಡಿಸಿ

ಅಕ್ಕ ತನಗೆ ತಿಳಿಯದೆಯೇ ಒಂದು ಒಳ್ಳೆಯ ಪ್ರಯೋಗ ಮಾಡಿದ್ದಳು. ಮೂಲೆಯಲ್ಲಿ ಸಣ್ಣದಾಗಿ ಹಾಡಿನ ವಿಡಿಯೊ ಓಡಲು ಬಿಟ್ಟು ಊಟಕ್ಕೆ ಹೋದರೆ ಕಂಪ್ಯೂಟರ್ ನಿಲ್ಲುವುದಿಲ್ಲ ಎಂದು ಕಂಡುಕೊಂಡು, ದಿನವೂ ಹಾಗೆಯೇ ಮಾಡುತ್ತಿದ್ದಳು. ಈ ಸುಳಿವು ಬಹಳ ಬೆಲೆಯುಳ್ಳದ್ದು, ಆದರೆ ಪೂರ್ಣವಲ್ಲ. ಏಕೆಂದರೆ ವಿಡಿಯೊ ಓಡುತ್ತಿದ್ದರೆ ಮೂರು ಸಂಗತಿಗಳು ಒಟ್ಟಿಗೆ ತಪ್ಪುತ್ತವೆ: ಯಂತ್ರ ಸ್ಲೀಪ್‌ಗೆ ಹೋಗುವುದಿಲ್ಲ, ಮಾನಿಟರ್ ಆಫ್ ಆಗುವುದಿಲ್ಲ, ಪ್ರೊಸೆಸರ್ ಆಳವಾಗಿ ಮಲಗುವುದಿಲ್ಲ. ದೋಷ ಈ ಮೂರರಲ್ಲಿ ಯಾವುದರದು ಎಂದು ತಿಳಿಯಬೇಕಾದರೆ ಒಂದನ್ನು ತಡೆದು ಉಳಿದವನ್ನು ನಡೆಯಲು ಬಿಡಬೇಕು.

ಸೆಟ್ಟಿಂಗ್ಸ್‌ನ ಪವರ್ ವಿಭಾಗಕ್ಕೆ ಹೋಗಿ ಸ್ಲೀಪ್ ಅವಧಿಯನ್ನು ನೆವರ್ ಎಂದು ಬದಲಿಸಿ, ಮಾನಿಟರ್ ಅವಧಿಯನ್ನು ಇದ್ದಂತೆಯೇ ಬಿಡಿ. ಯಂತ್ರ ಉಳಿದರೆ ದೋಷ ಸ್ಲೀಪಿನದು. ಉಳಿಯದಿದ್ದರೆ ಮಾನಿಟರ್ ಅವಧಿಯನ್ನೂ ನೆವರ್ ಮಾಡಿ. ಆಗಲೂ ನಿಂತರೆ ಕಂಟ್ರೋಲ್ ಪ್ಯಾನೆಲಿನ ಪವರ್ ಆಪ್ಷನ್ಸ್‌ನಲ್ಲಿ ಅಡ್ವಾನ್ಸ್ಡ್ ಸೆಟ್ಟಿಂಗ್ಸ್ ತೆರೆದು, ಪಿಸಿಐ ಎಕ್ಸ್‌ಪ್ರೆಸ್ ಕೆಳಗಿನ ಲಿಂಕ್ ಸ್ಟೇಟ್ ಪವರ್ ಮ್ಯಾನೇಜ್‌ಮೆಂಟನ್ನು ಆಫ್ ಮಾಡಿ. ಗ್ರಾಫಿಕ್ಸ್ ಕಾರ್ಡ್ ಮತ್ತು ಎಸ್‌ಎಸ್‌ಡಿಗಳು ಏಳದಿರುವ ದೋಷಗಳಲ್ಲಿ ಹಲವು ಇಲ್ಲಿಗೇ ಮುಗಿಯುತ್ತವೆ. ಹಾರ್ಡ್ ಡಿಸ್ಕನ್ನು 20 ನಿಮಿಷಕ್ಕೆ ನಿಲ್ಲಿಸುವ ಸೂಚನೆಯೂ ಅಲ್ಲೇ ಇರುತ್ತದೆ. ನಿಮ್ಮ ಕಂಪ್ಯೂಟರ್ ಸರಿಯಾಗಿ ಇಪ್ಪತ್ತೊಂದನೆಯ ನಿಮಿಷಕ್ಕೆ ಸಾಯುತ್ತಿದ್ದರೆ ಅದು ಕಾಕತಾಳೀಯವಲ್ಲ. ಆದ್ದರಿಂದಲೇ ಎದ್ದುಹೋದ ಸಮಯ ಮತ್ತು ನಿಂತ ಸಮಯ ಎರಡನ್ನೂ ಬರೆದಿಡಬೇಕು. ನಿಂತ ಸಮಯ ತಿಳಿಯಲು ಗಡಿಯಾರವನ್ನು ಪರದೆಯ ಮೇಲೆ ಇರಲು ಬಿಟ್ಟರೆ ಸಾಕು. ಹ್ಯಾಂಗ್ ಆದಾಗ ಅದೂ ಅಲ್ಲೇ ನಿಂತಿರುತ್ತದೆ.

ಈ ಹಂತದಲ್ಲಿ ನಾನು ಒತ್ತಿ ಹೇಳಬೇಕಾದದ್ದು ತಾಳ್ಮೆಯ ವಿಷಯ. ದೋಷ ದಿನಕ್ಕೊಮ್ಮೆ ಬರುತ್ತಿದ್ದರೆ, ಒಂದು ಬದಲಾವಣೆ ಮಾಡಿ ಒಂದು ದಿನ ಕಾದರೆ ಏನೂ ತಿಳಿಯುವುದಿಲ್ಲ. ಕನಿಷ್ಠ ಮೂರು ನಾಲ್ಕು ದಿನ ಕಾಯಬೇಕು. ಎರಡು ಬದಲಾವಣೆಗಳನ್ನು ಒಟ್ಟಿಗೆ ಮಾಡಿ ಕಂಪ್ಯೂಟರ್ ಸರಿಹೋದರೆ ಆ ಸಂತೋಷ ಅರ್ಧ ಮಾತ್ರ, ಯಾವುದರಿಂದ ಸರಿಹೋಯಿತೆಂದು ತಿಳಿಯದ ಮೇಲೆ ಮುಂದಿನ ಸಲ ಮತ್ತೆ ಮೊದಲಿನಿಂದ ಆರಂಭಿಸಬೇಕಾಗುತ್ತದೆ.

ಅಂಗಡಿಯ ಕಂಪ್ಯೂಟರಿನಲ್ಲಿ ಸ್ಲೀಪ್ ಮತ್ತು ಮಾನಿಟರ್ ಎರಡನ್ನೂ ನೆವರ್ ಮಾಡಿ, ವಿಡಿಯೊ ನಿಲ್ಲಿಸಿ ಹೋದೆವು. ಮರಳಿ ಬಂದಾಗ ಪರದೆ ಬೆಳಗುತ್ತಲೇ ಇತ್ತು, ಅರ್ಧ ಮುಗಿದ ಲಗ್ನಪತ್ರಿಕೆಯ ಮೇಲೆ ಗಣಪತಿಯ ಚಿತ್ರ ಇಟ್ಟಲ್ಲೇ ಇತ್ತು, ಗಡಿಯಾರ ಮಾತ್ರ 1.52ರಲ್ಲಿ ನಿಂತಿತ್ತು. ನನ್ನ ಕೈಗಡಿಯಾರದಲ್ಲಿ ಆಗ 2.35. ಕ್ಯಾಪ್ಸ್ ಲಾಕ್ ದೀಪ ಅಲುಗಲಿಲ್ಲ. ಬಗ್‌ಚೆಕ್ ಕೋಡ್ 0. ಸ್ಲೀಪೂ ಅಲ್ಲ, ಮಾನಿಟರೂ ಅಲ್ಲ ಎಂಬುದು ಅಂದೇ ತೀರ್ಮಾನವಾಯಿತು.

ನಾಲ್ಕನೆಯ ಹೆಜ್ಜೆ: ಡ್ರೈವರ್‌ಗಳು

ದೋಷ ಸ್ಲೀಪಿನದು ಅಥವಾ ಪರದೆಯದು ಎಂದಾದರೆ ಗ್ರಾಫಿಕ್ಸ್, ಚಿಪ್‌ಸೆಟ್, ನೆಟ್‌ವರ್ಕ್ ಈ ಮೂರು ಡ್ರೈವರ್‌ಗಳನ್ನು ತಯಾರಕರ ತಾಣದಿಂದಲೇ ಇಳಿಸಿ ಹಾಕಿ. ಫಾಸ್ಟ್ ಸ್ಟಾರ್ಟಪ್ ಎಂಬ ಸೌಲಭ್ಯವನ್ನು ಆಫ್ ಮಾಡಿ. ಅದು ಆನ್ ಇದ್ದಾಗ ಶಟ್‌ಡೌನ್ ಮಾಡಿದರೂ ವಿಂಡೋಸಿನ ಒಳಭಾಗ ಪೂರ್ತಿ ಮುಚ್ಚದೆ ಹಳೆಯ ಸ್ಥಿತಿಯನ್ನೇ ಡಿಸ್ಕಿನಲ್ಲಿ ಉಳಿಸಿಕೊಂಡಿರುತ್ತದೆ. ಹೊಸ ಡ್ರೈವರ್ ಹಾಕಿದ ಮೇಲೆ ರೀಸ್ಟಾರ್ಟ್ ಮಾಡಬೇಕೇ ಹೊರತು ಶಟ್‌ಡೌನ್ ಮಾಡಿ ಆನ್ ಮಾಡಿದರೆ ಸಾಲದು ಎನ್ನುವುದಕ್ಕೆ ಇದೇ ಕಾರಣ. ಯುಎಸ್‌ಬಿಗೆ ಸಿಕ್ಕಿಸಿದ ಹಳೆಯ ವೈಫೈ ಡಾಂಗಲ್, ಪ್ರಿಂಟರ್, ಕಾರ್ಡ್ ರೀಡರ್‌ಗಳನ್ನು ಕೆಲವು ದಿನ ತೆಗೆದಿಟ್ಟು ನೋಡುವುದೂ ಒಳ್ಳೆಯದು.

ಐದನೆಯ ಹೆಜ್ಜೆ: ಬಯೋಸ್

ಕೋಡ್ 0 ಆಗಿ, ಯಂತ್ರ ಪೂರ್ತಿ ಹ್ಯಾಂಗ್ ಆಗುತ್ತಿದ್ದರೆ ನೇರವಾಗಿ ಇಲ್ಲಿಗೆ ಬನ್ನಿ. ಬಯೋಸ್ ಎಂದರೆ ವಿಂಡೋಸಿಗೂ ಮೊದಲು ಓಡುವ ಮದರ್‌ಬೋರ್ಡಿನ ಮೂಲ ತಂತ್ರಾಂಶ. ಮೊದಲು ಅದರ ಸೆಟ್ಟಿಂಗುಗಳನ್ನು ಡಿಫಾಲ್ಟ್‌ಗೆ ತನ್ನಿ. ರ‍್ಯಾಮಿನ ವೇಗ ಹೆಚ್ಚಿಸುವ ಎಕ್ಸ್‌ಎಂಪಿ ಅಥವಾ ಎಕ್ಸ್‌ಪೋ ಆಫ್ ಆಗಲಿ. ಪ್ರೊಸೆಸರ್ ತಣ್ಣಗಿರಲೆಂದು ಯಾರಾದರೂ ವೋಲ್ಟೇಜ್ ಇಳಿಸಿದ್ದರೆ ಅದನ್ನು ಹಿಂತೆಗೆಯಿರಿ. ವೋಲ್ಟೇಜ್ ಇಳಿಸಿದವರು ಸಾಮಾನ್ಯವಾಗಿ ಭಾರೀ ಕೆಲಸ ಕೊಟ್ಟು ಪರೀಕ್ಷಿಸಿ, ನಿಲ್ಲಲಿಲ್ಲವೆಂದು ಸಮಾಧಾನಪಡುತ್ತಾರೆ. ಆದರೆ ಮೊದಲೇ ಕಡಿಮೆ ವೋಲ್ಟೇಜಿನಲ್ಲಿರುವ ಐಡಲ್ (ಸುಮ್ಮನಿರುವ) ಸ್ಥಿತಿಯಲ್ಲಿ ಆ ಇಳಿಕೆ ಹೆಚ್ಚು ಕಾಡುತ್ತದೆ. ಭಾರದ ಪರೀಕ್ಷೆಯಲ್ಲಿ ಗಂಟೆಗಟ್ಟಲೆ ಗೆದ್ದ ಕಂಪ್ಯೂಟರ್ ಖಾಲಿ ಡೆಸ್ಕ್‌ಟಾಪ್ ಎದುರು ಸೋಲುವುದು ಹೀಗೆ.

ಅಷ್ಟಕ್ಕೂ ಸರಿಹೋಗದಿದ್ದರೆ ಸಿ-ಸ್ಟೇಟ್ ಎಂಬ ಆಯ್ಕೆಯನ್ನು ಹುಡುಕಿ, ಆಳದ ಹಂತಗಳನ್ನು ಡಿಸೇಬಲ್ ಮಾಡಿ. ಎಎಂಡಿಯ ರೈಜೆನ್ ಪ್ರೊಸೆಸರ್‌ಗಳು 2017ರಲ್ಲಿ ಬಂದಾಗ, ಅದರಲ್ಲೂ ಲಿನಕ್ಸ್ ಬಳಸುವವರಿಗೆ, ಐಡಲ್ ಇದ್ದಾಗ ಹ್ಯಾಂಗ್ ಆಗುವ ತೊಂದರೆ ಕಾಣಿಸಿಕೊಂಡಿತ್ತು. ಅದಕ್ಕೆ ಪರಿಹಾರವಾಗಿ ಬಯೋಸಿನ ಎಎಂಡಿ ಸಿಬಿಎಸ್ ವಿಭಾಗದಲ್ಲಿ ಪವರ್ ಸಪ್ಲೈ ಐಡಲ್ ಕಂಟ್ರೋಲ್ ಎಂಬ ಆಯ್ಕೆ ಬಂತು. ಅದನ್ನು ಆಟೋದಿಂದ ಟಿಪಿಕಲ್ ಕರೆಂಟ್ ಐಡಲ್‌ಗೆ ಬದಲಿಸಿದರೆ, ಪ್ರೊಸೆಸರ್ ಸುಮ್ಮನಿದ್ದಾಗಲೂ ಒಂದಷ್ಟು ಕರೆಂಟನ್ನು ಎಳೆಯುತ್ತಲೇ ಇರುತ್ತದೆ. ಸಿ-ಸ್ಟೇಟನ್ನು ಪೂರ್ತಿ ಮುಚ್ಚುವುದಕ್ಕಿಂತ ಇದು ಮೇಲು. ಲಿನಕ್ಸ್ ಬಳಸುವವರು, ಬಯೋಸಿನಲ್ಲಿ ಈ ಆಯ್ಕೆಗಳು ಇಲ್ಲದಿದ್ದರೆ, ಕರ್ನಲ್ ಆರಂಭವಾಗುವ ಸಾಲಿನಲ್ಲೇ ಸಿ-ಸ್ಟೇಟಿಗೆ ಮಿತಿ ಹಾಕಬಹುದು; ಇಂಟೆಲ್‌ನ ಬೇ ಟ್ರೈಲ್ ಪ್ರೊಸೆಸರಿನ ಸಣ್ಣ ಲ್ಯಾಪ್‌ಟಾಪ್‌ಗಳು ವರ್ಷಗಟ್ಟಲೆ ಈ ಮಿತಿಯ ಬಲದಿಂದಲೇ ಲಿನಕ್ಸಿನಲ್ಲಿ ನಡೆದವು.

ವಿಂಡೋಸಿನ ಪವರ್ ಆಪ್ಷನ್ಸ್‌ನಲ್ಲಿ ಪ್ರೊಸೆಸರಿನ ಕನಿಷ್ಠ ಮಟ್ಟವನ್ನು 100 ಶೇಕಡಾ ಮಾಡಿದರೆ ಸಾಕೆಂದು ಹೇಳುವವರಿದ್ದಾರೆ. ಅದು ಪ್ರೊಸೆಸರಿನ ವೇಗ ಇಳಿಯುವುದನ್ನು ತಡೆಯುತ್ತದೆ, ನಿದ್ರೆಯನ್ನು ತಡೆಯುವುದಿಲ್ಲ. ಎರಡೂ ಒಂದೇ ಅಲ್ಲ.

ಆರನೆಯ ಹೆಜ್ಜೆ: ಎಸ್‌ಎಂಪಿಎಸ್

ಸಿ-ಸ್ಟೇಟ್ ಮುಚ್ಚಿದ ಮೇಲೆ ಅಕ್ಕನ ಕಂಪ್ಯೂಟರ್ ನಾಲ್ಕು ದಿನ ನಿಲ್ಲಲಿಲ್ಲ. ಅಲ್ಲಿಗೇ ಬಿಟ್ಟಿದ್ದರೂ ಅವಳ ಕೆಲಸ ನಡೆಯುತ್ತಿತ್ತು. ಆದರೆ ಆಳವಾಗಿ ಮಲಗಿದರೆ ಮಾತ್ರ ಸಾಯುವುದೇಕೆ ಎಂಬುದಕ್ಕೆ ಉತ್ತರ ಕ್ಯಾಬಿನೆಟ್ಟಿನ ಒಳಗಿತ್ತು: ಮದರ್‌ಬೋರ್ಡ್ ಮತ್ತು ಪ್ರೊಸೆಸರ್ ಹೊಸದು ಹಾಕಿಸಿದಾಗ ಎಸ್‌ಎಂಪಿಎಸ್ (ಗೋಡೆಯ ಕರೆಂಟನ್ನು ಒಳಗಿನ ಭಾಗಗಳಿಗೆ ಬೇಕಾದ ವೋಲ್ಟೇಜಿಗೆ ಇಳಿಸಿ ಕೊಡುವ ಪೆಟ್ಟಿಗೆ) ಮಾತ್ರ ಹಳೆಯ ಕಂಪ್ಯೂಟರಿನದೇ ಉಳಿದಿತ್ತು.

ಎಸ್‌ಎಂಪಿಎಸ್ ಕೊಳ್ಳುವಾಗ ನಾವು ಕೇಳುವುದು ಅದು ಗರಿಷ್ಠ ಎಷ್ಟು ವಾಟ್ ಕೊಡಬಲ್ಲದು ಎಂದು. ಕನಿಷ್ಠ ಎಷ್ಟು ಕಡಿಮೆ ಹೊರೆಯಲ್ಲಿ ಅದು ಸ್ಥಿರವಾಗಿ ನಿಲ್ಲಬಲ್ಲದು ಎಂದು ಕೇಳುವವರಿಲ್ಲ. ಇಂಟೆಲ್ 2013ರಲ್ಲಿ ಹ್ಯಾಸ್‌ವೆಲ್ ಪ್ರೊಸೆಸರ್‌ಗಳನ್ನು ತಂದಾಗ ಈ ಪ್ರಶ್ನೆ ಮೊದಲ ಬಾರಿಗೆ ದೊಡ್ಡದಾಗಿ ಎದ್ದಿತು. ಆವರೆಗೆ 12 ವೋಲ್ಟಿನ ಪ್ರೊಸೆಸರ್ ಸಾಲಿನಲ್ಲಿ ಕನಿಷ್ಠ 0.5 ಆಂಪಿಯರ್ ಹೊರೆ ಇರುತ್ತದೆಂದು ಎಣಿಸಿ ಎಸ್‌ಎಂಪಿಎಸ್‌ಗಳನ್ನು ರೂಪಿಸಲಾಗುತ್ತಿತ್ತು. ಹೊಸ ಪ್ರೊಸೆಸರ್ ತನ್ನ ಸಿ6, ಸಿ7 ಹಂತಗಳಲ್ಲಿ 0.05 ಆಂಪಿಯರ್‌ಗೆ, ಅಂದರೆ ಹತ್ತನೆಯ ಒಂದು ಭಾಗಕ್ಕೆ, ಇಳಿಯಬಲ್ಲದಾಗಿತ್ತು. ಅಷ್ಟು ಹಗುರವಾದಾಗ ಹಳೆಯ ವಿನ್ಯಾಸದ ಕೆಲವು ಎಸ್‌ಎಂಪಿಎಸ್‌ಗಳ ವೋಲ್ಟೇಜ್ ಹತೋಟಿ ತಪ್ಪುತ್ತದೆ, ಇಲ್ಲವೇ ಅವು ತಾವೇ ಆಫ್ ಆಗಿಬಿಡುತ್ತವೆ. ತುಂಬಿದ ಗಾಡಿ ಎಳೆದು ಅಭ್ಯಾಸವಾದ ಎತ್ತು ಖಾಲಿ ಗಾಡಿಗೆ ಕಟ್ಟಿದಾಗ ಎಡವಿದ ಹಾಗೆ.

ಪರೀಕ್ಷಿಸುವ ವಿಧಾನ ಒಂದೇ, ಒಳ್ಳೆಯ ಸ್ಥಿತಿಯಲ್ಲಿರುವ ಇನ್ನೊಂದು ಎಸ್‌ಎಂಪಿಎಸ್ ಎರವಲು ತಂದು ಹಾಕಿ ನೋಡುವುದು. ಸಾಧಾರಣ ಮಲ್ಟಿಮೀಟರಿನಲ್ಲಿ ಈ ದೋಷ ಸಿಗುವುದಿಲ್ಲ, ಏಕೆಂದರೆ ಕುಸಿತ ಕಣ್ಣಿಗೆ ಕಾಣುವುದಕ್ಕಿಂತ ಬೇಗ ಬಂದು ಹೋಗಿರುತ್ತದೆ. ಯಾವ ಕಾರಣಕ್ಕೂ ಎಸ್‌ಎಂಪಿಎಸ್ ಪೆಟ್ಟಿಗೆಯನ್ನು ಬಿಚ್ಚಬೇಡಿ. ಪ್ಲಗ್ ತೆಗೆದ ಮೇಲೂ ಅದರೊಳಗಿನ ಕೆಪಾಸಿಟರ್‌ಗಳಲ್ಲಿ ಅಪಾಯಕಾರಿ ವೋಲ್ಟೇಜ್ ಉಳಿದಿರುತ್ತದೆ. ಎರವಲು ಎಸ್‌ಎಂಪಿಎಸ್ ಹಾಕಿದಾಗ ಬಯೋಸಿನ ಸಿ-ಸ್ಟೇಟನ್ನು ಮತ್ತೆ ಆನ್ ಮಾಡುವುದನ್ನು ಮರೆಯಬೇಡಿ, ಇಲ್ಲದಿದ್ದರೆ ಪರೀಕ್ಷೆಗೆ ಅರ್ಥವಿರುವುದಿಲ್ಲ.

ಉಳಿದ ಭಾಗಗಳು

ರ‍್ಯಾಮ್ ಪರೀಕ್ಷಿಸಲು ಮೆಮ್‌ಟೆಸ್ಟ್86 ಎಂಬ ಉಚಿತ ತಂತ್ರಾಂಶವನ್ನು ಪೆನ್‌ಡ್ರೈವಿಗೆ ಹಾಕಿ, ರಾತ್ರಿ ಆರಂಭಿಸಿ, ನಾಲ್ಕು ಸುತ್ತು ಮುಗಿಯುವವರೆಗೆ ಓಡಿಸಿ. ಒಂದೇ ಒಂದು ದೋಷ ಬಂದರೂ ಆ ರ‍್ಯಾಮ್ ಬೇಡ. ಎಸ್‌ಎಸ್‌ಡಿಯ ಮೇಲೆ ಅನುಮಾನವಿದ್ದರೆ ಮೊದಲು ಕಡತಗಳ ಪ್ರತಿ ಬೇರೆಡೆ ಮಾಡಿಕೊಂಡು, ಆಮೇಲೆ ಅದರ ಫರ್ಮ್‌ವೇರ್ (ಅದರೊಳಗೇ ಇರುವ ತಂತ್ರಾಂಶ) ಅಪ್‌ಡೇಟ್ ಮಾಡಿ. ಬಯೋಸ್ ಅಪ್‌ಡೇಟಿನಿಂದಲೂ ಹಲವು ಐಡಲ್ ದೋಷಗಳು ಹೋಗುತ್ತವೆ, ಆದರೆ ಯುಪಿಎಸ್ ಇಲ್ಲದೆ ಅದಕ್ಕೆ ಕೈಹಾಕಬಾರದು. ನಡುವೆ ಕರೆಂಟು ಹೋದರೆ ಮದರ್‌ಬೋರ್ಡೇ ಹೋಗಬಹುದು.

ಲ್ಯಾಪ್‌ಟಾಪ್ ಇದ್ದವರಿಗೆ ಬಯೋಸಿನಲ್ಲಿ ಇಷ್ಟೊಂದು ಆಯ್ಕೆಗಳು ಸಿಗುವುದಿಲ್ಲ. ಈಚಿನ ಲ್ಯಾಪ್‌ಟಾಪ್‌ಗಳು ಹಳೆಯ ಸ್ಲೀಪ್ ಬಿಟ್ಟು, ಮೊಬೈಲಿನಂತೆ ಅರೆ ಎಚ್ಚರದಲ್ಲಿರುವ ಮಾಡರ್ನ್ ಸ್ಟ್ಯಾಂಡ್‌ಬೈ ಬಳಸುತ್ತವೆ. ಅದರಿಂದ ಏಳದ ತೊಂದರೆಯಿದ್ದರೆ, ತಯಾರಕರಿಂದ ಅಪ್‌ಡೇಟ್ ಬರುವವರೆಗೆ ಮುಚ್ಚಳ ಮುಚ್ಚಿದಾಗ ಹೈಬರ್ನೇಟ್ ಆಗುವಂತೆ (ತೆರೆದ ಕೆಲಸವನ್ನು ಡಿಸ್ಕಿಗೆ ಬರೆದು ಆಫ್ ಆಗುವಂತೆ) ಇಟ್ಟುಕೊಳ್ಳುವುದು ನಾನು ಕಂಡ ನಂಬಬಹುದಾದ ದಾರಿ. ಏಳಲು ಸ್ವಲ್ಪ ಹೆಚ್ಚು ಹೊತ್ತು ಬೇಕಾದರೂ ತೆರೆದಿಟ್ಟ ಕೆಲಸ ಉಳಿಯುತ್ತದೆ.

ಎಲ್ಲ ಮುಗಿದು ಸರ್ವಿಸ್ ಅಂಗಡಿಗೆ ಒಯ್ಯಲೇಬೇಕಾದರೆ ಬರಿಯ ಕಂಪ್ಯೂಟರನ್ನಲ್ಲ, ಬರೆದಿಟ್ಟ ಚೀಟಿಯನ್ನೂ ಒಯ್ಯಿರಿ. "ಆಗಾಗ ಹ್ಯಾಂಗ್ ಆಗುತ್ತದೆ" ಎಂದರೆ ಅವರು ಫಾರ್ಮ್ಯಾಟ್ ಮಾಡಿ ಹಿಂದಿರುಗಿಸುತ್ತಾರೆ. ಅಂಗಡಿಯಲ್ಲಿ ಅವರು ಅದರ ಮುಂದೆ ಕೆಲಸ ಮಾಡುತ್ತಲೇ ಇರುವುದರಿಂದ ದೋಷ ಅವರಿಗೆ ಕಾಣಿಸುವುದೂ ಇಲ್ಲ. ಅದರ ಬದಲು, ಮುಟ್ಟದೆ ಬಿಟ್ಟ ಮೇಲೆ ಎಷ್ಟು ನಿಮಿಷಕ್ಕೆ ನಿಲ್ಲುತ್ತದೆ, ಕ್ಯಾಪ್ಸ್ ಲಾಕ್ ಏನು ಹೇಳಿತು, ಬಗ್‌ಚೆಕ್ ಕೋಡ್ ಎಷ್ಟು, ಯಾವ ಯಾವ ಬದಲಾವಣೆಯಿಂದ ಪ್ರಯೋಜನವಾಗಲಿಲ್ಲ ಎಂದು ಹೇಳಿ, ಒಂದು ಮಧ್ಯಾಹ್ನ ಅದನ್ನು ಆನ್ ಮಾಡಿ ಸುಮ್ಮನೆ ಬಿಡುವಂತೆ ಕೇಳಿಕೊಳ್ಳಿ.

ಅಕ್ಕನ ಕಂಪ್ಯೂಟರಿಗೆ ಎರವಲು ಎಸ್‌ಎಂಪಿಎಸ್ ಹಾಕಿ, ಸಿ-ಸ್ಟೇಟ್ ಮತ್ತೆ ಆನ್ ಮಾಡಿ, ಒಂದು ವಾರ ಮಧ್ಯಾಹ್ನವೂ ರಾತ್ರಿಯೂ ಹಾಗೆಯೇ ಬಿಟ್ಟೆವು. ಗಡಿಯಾರ ಒಮ್ಮೆಯೂ ನಿಲ್ಲಲಿಲ್ಲ. ಹೊಸ ಎಸ್‌ಎಂಪಿಎಸ್ ಕೊಂಡ ದಿನ ಸ್ಲೀಪ್ ಮತ್ತು ಮಾನಿಟರ್ ಅವಧಿಗಳನ್ನು ಮೊದಲಿನಂತೆ ಮಾಡಿದೆವು, ಅವಳು ಹಾಡಿನ ವಿಡಿಯೊ ನಿಲ್ಲಿಸಿ ಊಟಕ್ಕೆ ಹೋದಳು.